ಎಡಗೈಯ ನಡುಕ

ಹಾಸು ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಸಂಗತಿ ಕೇಳಿದವರೆಲ್ಲ ಯಂತ್ರವನ್ನೇ ಬೈಯುತ್ತಾರೆ. ಯಂತ್ರವನ್ನು ಬೈಯುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ. ಹಾಸು ತಾನು ಕಂಡದ್ದನ್ನು ಕಂಡ ಹಾಗೆ ಹೇಳಿತು. ಓದಿದವಳು ನಾನು, ಸುಮಂಗಲಾ ಕೆರೂರ, ಇಪ್ಪತ್ತೆರಡು ವರ್ಷ ನರ್ಸ್ ಕೆಲಸ ಮಾಡಿದವಳು.

ನೋಡಲು ಅದು ಮಾಮೂಲಿ ಬೆಡ್‌ಶೀಟು, ಸ್ವಲ್ಪ ದಪ್ಪ ಅಷ್ಟೆ. ಅದರೊಳಗೆ ಕೂದಲಿಗಿಂತ ಸಣ್ಣ ಎಳೆಗಳಿವೆ, ಒತ್ತಿದರೆ ತುಸು ಕರೆಂಟು ಹುಟ್ಟಿಸುತ್ತವೆ. ಹೃದಯ ಒಂದು ಸಲ ಬಡಿದರೆ ಇಡೀ ಮೈ ನಮಗೇ ತಿಳಿಯದಷ್ಟು ಅಲುಗುತ್ತದೆ. ಆ ಅಲುಗಾಟ ಎಳೆಗಳಿಗೆ ಗೊತ್ತಾಗುತ್ತದೆ. ಉಸಿರು, ನಿದ್ದೆ, ಮಗ್ಗಲು ಬದಲಿಸಿದ್ದು, ಕೈಕಾಲು ಆಡಿಸಿದ್ದು ಎಲ್ಲವೂ ಗೊತ್ತಾಗುತ್ತದೆ. ಗೋಡೆಗೆ ಅಂಟಿಸಿದ ಪುಟ್ಟ ಡಬ್ಬಿಯೊಂದು ಕೋಣೆಯ ಸಪ್ಪಳ ಕೇಳಿಸಿಕೊಳ್ಳುತ್ತದೆ. ಮಾತನ್ನು ಅಳಿಸಿಹಾಕಿ, ಉಳಿದ ಸಪ್ಪಳವನ್ನು ತೊಂಬತ್ತು ದಿನ ಇಟ್ಟುಕೊಳ್ಳುತ್ತದೆ. ಇದೆಲ್ಲ ಸೇರಿ ಬಾಗಲಕೋಟೆಯ ನಮ್ಮ ಮನೆಯಾರೈಕೆ ಕೇಂದ್ರಕ್ಕೆ ಬಂದು, ರೋಗಿಯ ಹೆಸರಿನ ಮುಂದೆ ಒಂದು ಸಂಖ್ಯೆಯಾಗಿ ಕೂರುತ್ತದೆ. ಅದಕ್ಕೆ ನೆಮ್ಮದಿ ಅಂಕ ಎಂದು ಹೆಸರು. ನೂರಕ್ಕೆ ಅರವತ್ತರ ಕೆಳಗೆ ಹೋದರೆ ಪರದೆ ಕೆಂಪಾಗುತ್ತದೆ.

ಕೇಂದ್ರದ ಬಾಗಿಲಲ್ಲಿ ದೊಡ್ಡ ಫಲಕವಿತ್ತು: ರೋಗಕ್ಕಲ್ಲ, ಇಡೀ ಮನುಷ್ಯನಿಗೆ ಆರೈಕೆ, ಮನೆಯಲ್ಲೇ. ನಾನು ಅದನ್ನು ಮನಸಾರೆ ನಂಬಿದ್ದೆ. ಆಸ್ಪತ್ರೆಯ ವಾರ್ಡಿನಲ್ಲಿ ಬೆಡ್ ನಂಬರು ಹಿಡಿದು ಮನುಷ್ಯರನ್ನು ಕೂಗಿ ಕೂಗಿ ನನಗೇ ಹೇಸಿಗೆ ಬಂದಿತ್ತು. ಇಲ್ಲಿ ನನಗೆ ನಲವತ್ತು ಮನೆ ಕೊಟ್ಟಿದ್ದರು. ವಾರಕ್ಕೊಮ್ಮೆ ಮನೆಗೆ ಹೋಗಬೇಕು, ಉಳಿದ ದಿನ ಪರದೆಯ ಮುಂದೆ ಕೂತು ಅವರನ್ನೆಲ್ಲ ಕಾಯಬೇಕು.

ದಾನಮ್ಮ ನನ್ನ ಮೂವತ್ತೇಳನೆಯ ಮನೆ. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಓಣಿ. ಐವತ್ತೆರಡರ ಹೆಂಗಸು, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ನಾವು ಹೇಳಿದ್ದು ತಿಳಿಯುತ್ತಿತ್ತು, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಗಂಡ ಮುರಿಗೆಪ್ಪ ನೇಕಾರ. ಮನೆಯೆಂದರೆ ಉದ್ದನೆಯ ಒಂದು ಕೋಣೆ, ಹಿಂದೆ ಅಡುಗೆಮನೆ. ಕೋಣೆಯ ಕಿಟಕಿಯ ಹತ್ತಿರ ನೆಲದೊಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುವ ಮಗ್ಗ, ಅದರ ಪಕ್ಕದಲ್ಲೇ ದಾನಮ್ಮನ ಕಬ್ಬಿಣದ ಮಂಚ. ಮಂಚದ ಕೆಳಗೆ ನೂಲು ಸುತ್ತುವ ರಾಟೆ ತಳ್ಳಿಟ್ಟಿದ್ದರು.

ಮೊದಲ ದಿನ ಹಾಸು ಹಾಸುವಾಗ ಮುರಿಗೆಪ್ಪ ಅದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ನೇಯ್ಗೆ ಸಡಿಲ ಐತ್ರಿ ಎಂದರು. ನಾನು ನಕ್ಕು, ಇದನ್ನು ಯಂತ್ರ ನೇಯ್ದದ್ದು ಎಂದೆ. ಅದಕ್ಕs ಮತ್ತ ಎಂದರು. ದಾನಮ್ಮನ ಬಾಯಿಯ ಎಡತುದಿ ಸ್ವಲ್ಪ ಮೇಲಕ್ಕೆ ಹೋಯಿತು. ನನ್ನ ಎದುರಿಗೆ ಆಕೆ ನಕ್ಕದ್ದು ಅದೊಂದೇ ಸಲ.

ಮೊದಲ ವಾರದಲ್ಲೇ ಪರದೆ ಕೆಂಪಾಯಿತು. ಅಂಕ ಐವತ್ತೆಂಟು. ಬಿಚ್ಚಿ ನೋಡಿದರೆ, ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಮಗ್ಗ ನಡೆದಾಗಲೆಲ್ಲ ದಾನಮ್ಮನ ಎದೆಬಡಿತ ಏರುತ್ತಿತ್ತು, ಉಸಿರು ಬಿಗಿಯುತ್ತಿತ್ತು. ಜೊತೆಗೆ ಎಡಗೈ ನಡುಗುತ್ತಿತ್ತು. ದಿನಕ್ಕೆ ಐವತ್ತು ಅರವತ್ತು ಸಲ, ಪ್ರತಿ ಸಲವೂ ಮೂರು ಮೂರು ಬಡಿತ.

ನಮ್ಮ ಕೆಲಸದಲ್ಲಿ ಇಂಥದ್ದು ಕಂಡಾಗ ಪರದೆ ಒಂದು ಪಟ್ಟಿ ತೆರೆಯುತ್ತದೆ, ಕಾರಣ ಆರಿಸಿ ಎನ್ನುತ್ತದೆ. ನೋವು, ಭಯ, ಶಬ್ದ, ಬೆಳಕು, ಹಸಿವು, ಇತರೆ. ಇತರೆ ಒತ್ತಿದರೆ ಏನೆಂದು ನಾವೇ ಬರೆಯಬೇಕು, ಮೇಲಿನವರು ಫೋನ್ ಮಾಡಿ ವಿವರಣೆ ಕೇಳುತ್ತಾರೆ, ಅರ್ಧ ದಿನ ಹಾಳು. ಆದ್ದರಿಂದ ನಾವು ಹನ್ನೊಂದು ಜನ ನರ್ಸುಗಳು ಇತರೆ ಒತ್ತುವುದಿಲ್ಲವೆಂದು ಯಾರೂ ಹೇಳಿಕೊಡದೆಯೇ ಕಲಿತಿದ್ದೆವು. ನಾನು ಶಬ್ದ ಒತ್ತಿದೆ. ಮಗ್ಗ ಹೊಡೆದುಕೊಳ್ಳುವ ಕೋಣೆಯಲ್ಲಿ ಪಾರ್ಶ್ವವಾಯು ಬಡಿದ ಹೆಂಗಸು ಮಲಗಿದ್ದಾಳೆ, ಇದಕ್ಕೆ ತಲೆ ಕೆರೆದುಕೊಳ್ಳುವುದೇನಿದೆ ಎಂದುಕೊಂಡೆ. ಪರಿಹಾರವನ್ನು ಪರದೆಯೇ ಹೇಳಿತು: ಶಬ್ದದ ಮೂಲವನ್ನು ನಿಲ್ಲಿಸಿ. ನಡುಕಕ್ಕೆ ಡಾಕ್ಟರರು ಫೋನಿನಲ್ಲೇ ಅರ್ಧ ಗುಳಿಗೆ ಬರೆಸಿದರು.

ಮಂಗಳವಾರ ಹೋಗಿ ಮುರಿಗೆಪ್ಪನವರಿಗೆ ಹೇಳಿದೆ. ಅವರು ವಾದಿಸುತ್ತಾರೆ, ಹೊಟ್ಟೆಪಾಡಿನ ಮಾತು ತೆಗೆಯುತ್ತಾರೆ ಎಂದು ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ವಾದಿಸಲಿಲ್ಲ. ಲಾಳಿಯನ್ನು ಕೈಯಲ್ಲಿ ಹೊರಳಿಸಿ ನೋಡಿದರು. ಲಾಳಿಯೆಂದರೆ ಕಂಡಿಕೆಯನ್ನು, ಅಂದರೆ ನೂಲು ಸುತ್ತಿದ ಸಣ್ಣ ಕೊಳವೆಯನ್ನು ಹೊತ್ತು ಮಗ್ಗದ ಉದ್ದ ಎಳೆಗಳ ನಡುವೆ ಆಚೆಯಿಂದ ಈಚೆಗೆ ಓಡಾಡುವ ಕಟ್ಟಿಗೆಯ ತುಂಡು, ಅವರದು ಹಿಡಿದು ಹಿಡಿದು ನುಣುಪಾಗಿತ್ತು.

“ಮಗ್ಗಾ ನಿಂದರಿಸಿದ್ರ ಆಕಿಗೆ ಆರಾಮ ಆಕ್ಕೈತೇನ್ರಿ ಅಕ್ಕಾರ?” ಎಂದರು.

ಆಗುತ್ತದೆ ಎಂದೆ. ಎಷ್ಟು ಧೈರ್ಯವಾಗಿ ಹೇಳಿದೆ ನೋಡಿ.

ಮರುದಿನದಿಂದ ಅವರು ಓಣಿಯ ಆ ತುದಿಯಲ್ಲಿರುವ ತಮ್ಮನ ಮನೆಯ ಮಗ್ಗಕ್ಕೆ ಹೋಗತೊಡಗಿದರು. ಬೆಳಿಗ್ಗೆ ದಾನಮ್ಮನ ಮೈ ಒರೆಸಿ, ಗಂಜಿ ಕುಡಿಸಿ ಹೋಗುವುದು, ಮಧ್ಯಾಹ್ನ ಬಂದು ಊಟ ಮಾಡಿಸುವುದು, ಮತ್ತೆ ಹೋಗುವುದು. ನಡುವೆ ಪಕ್ಕದ ಮನೆಯ ಕಾಶವ್ವ ಬಂದು ಕೂರುತ್ತಿದ್ದಳು. ಕಾಶವ್ವ ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತ ಕೂತರೂ ನಮ್ಮ ಪರದೆ ಅದನ್ನು ಸಾಂಗತ್ಯವೆಂದು ಬರೆದುಕೊಂಡು ಪೂರ್ತಿ ಅಂಕ ಕೊಡುತ್ತಿತ್ತು. ಅರ್ಧ ನೇಯ್ದ ಖಣ ಮನೆಯ ಮಗ್ಗದ ಮೇಲೆ ಹಾಗೇ ಉಳಿಯಿತು, ಅದರ ಮೇಲೆ ಹಳೆಯ ಪಂಚೆ ಹೊದಿಸಿದ್ದರು.

ಅಂಕ ಏರಿತು. ಎಪ್ಪತ್ತೊಂದು, ಎಪ್ಪತ್ತೊಂಬತ್ತು, ಎಂಬತ್ತಾರು. ಎದೆಬಡಿತ ಇಳಿದು ಒಂದೇ ಸಮನಾಯಿತು. ಹತ್ತು ದಿನದಲ್ಲಿ ಎಡಗೈಯ ನಡುಕ ಪೂರ್ತಿ ನಿಂತಿತು, ನಾನು ಗುಳಿಗೆಗೆ ಶಹಬ್ಬಾಸ್ ಎಂದೆ. ತಿಂಗಳ ಸಭೆಯಲ್ಲಿ ದಾನಮ್ಮನ ನಕ್ಷೆಯನ್ನು ಗೋಡೆಗೆ ಹಾಕಿ ತೋರಿಸಿದರು. ಒಂದು ಸಣ್ಣ ಬದಲಾವಣೆ ಇಡೀ ಮನುಷ್ಯನನ್ನು ಹೇಗೆ ಸುಧಾರಿಸುತ್ತದೆ ನೋಡಿ ಎಂದರು. ನಾನು ಎಲ್ಲರಿಗೂ ಪೇಡೆ ಹಂಚಿದೆ.

ಮನೆಗೆ ಹೋದಾಗ ಕಾಣುತ್ತಿದ್ದುದು ಬೇರೆ. ಗಂಜಿ ಅರ್ಧ ಬಟ್ಟಲಿಗೆ ಇಳಿದಿತ್ತು. ದಾನಮ್ಮ ಮುಖವನ್ನು ಮಗ್ಗದ ಕಡೆಯಿಂದ ತಿರುಗಿಸಿ ಗೋಡೆಗೆ ಮಾಡಿ ಮಲಗಿರುತ್ತಿದ್ದರು. ನಾನು ಹೆಸರು ಹಿಡಿದು ಕರೆದರೆ ಕಣ್ಣು ತೆರೆಯುತ್ತಿದ್ದರು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಯಾಕೋ ಸರಿಯಿಲ್ಲ ಎಂದು ಒಂದು ಸಲ ಮನಸ್ಸಿಗೆ ಬಂತು. ಇಪ್ಪತ್ತೆರಡು ವರ್ಷದ ನರ್ಸಿಗೆ ಅಷ್ಟೂ ಬರದಿದ್ದರೆ ಹೇಗೆ? ಫೋನು ತೆಗೆದು ಅಂಕ ನೋಡಿದೆ. ತೊಂಬತ್ತು ಇತ್ತು. ನನ್ನ ಕಣ್ಣಿಗಿಂತ ಅದನ್ನೇ ನಂಬಿ, ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಮಗ್ಗ ನಿಂತ ನಲವತ್ತೊಂದನೆಯ ದಿನ, ಮಧ್ಯಾಹ್ನ ಮೂರರ ಸುಮಾರಿಗೆ ದಾನಮ್ಮ ತೀರಿಕೊಂಡರು. ಕಾಶವ್ವನಿಗೂ ಗೊತ್ತಾಗಲಿಲ್ಲ. ಮೊದಲು ಗೊತ್ತಾದದ್ದು ಬಾಗಲಕೋಟೆಯಲ್ಲಿ ಕೂತ ನನಗೆ. ಅದಕ್ಕೆ ಹತ್ತು ನಿಮಿಷ ಮುಂಚೆ ಅಂಕ ತೊಂಬತ್ತನಾಲ್ಕು ಇತ್ತು, ನನ್ನ ನಲವತ್ತು ಮನೆಗಳಲ್ಲೇ ಎಲ್ಲಕ್ಕಿಂತ ಹೆಚ್ಚು. ಇನ್ನೊಂದು ಹೆಪ್ಪು ಹೋಗಿ ಸಿಕ್ಕಿಕೊಂಡಿರಬೇಕು, ಮಗ್ಗ ನಡೆದಿದ್ದರೂ ಇದು ಬರುತ್ತಿತ್ತು ಎಂದು ಡಾಕ್ಟರರು ಹೇಳಿದರು. ಬರುತ್ತಿತ್ತೇನೋ. ಆದರೆ ಅದಕ್ಕೆ ಮುಂಚಿನ ನಲವತ್ತೊಂದು ದಿನಗಳಿಗೆ ಅವರ ಬಳಿ ಔಷಧವಿರಲಿಲ್ಲ.

ಎಂಬತ್ತಕ್ಕಿಂತ ಹೆಚ್ಚು ಅಂಕ ಇದ್ದವರು ತೀರಿಕೊಂಡರೆ ಕಡತವನ್ನು ಮತ್ತೆ ಓದಬೇಕೆಂಬ ನಿಯಮವಿದೆ. ನಾನು, ನಮ್ಮ ಯಂತ್ರಗಳ ಎಂಜಿನಿಯರ್ ಜಹಾಂಗೀರ ನದಾಫ ಇಬ್ಬರೂ ಕೂತೆವು. ಜಹಾಂಗೀರ ಮಾತು ಕಡಿಮೆ, ಕೆಲಸ ಚೊಕ್ಕ. ದಾನಮ್ಮನ ಮೊದಲ ವಾರದ ಎದೆಬಡಿತವನ್ನು ಒಂದು ಗೆರೆಯಾಗಿ, ಕೈನಡುಕವನ್ನು ಇನ್ನೊಂದು ಗೆರೆಯಾಗಿ, ಡಬ್ಬಿ ಕೇಳಿಸಿಕೊಂಡ ಮಗ್ಗದ ಸಪ್ಪಳವನ್ನು ಮೂರನೆಯದಾಗಿ ಒಂದರ ಕೆಳಗೊಂದು ಇಟ್ಟ. ಇಟ್ಟವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

“ಮೇಡಂ, ನಡುಕ ಅನ್ನೂದು ಟೈಮ್ ನೋಡಿ ಬರೂದಿಲ್ರಿ,” ಎಂದ.

ಮಗ್ಗ ಏಳೆಂಟು ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಶುರುವಾಗುತ್ತಿತ್ತು. ಹಾಗೆ ನಿಲ್ಲುವುದಕ್ಕೆ ಹದಿನೈದು ಇಪ್ಪತ್ತು ಸೆಕೆಂಡು ಮುಂಚೆ, ಪ್ರತಿ ಸಲವೂ, ದಾನಮ್ಮನ ಎಡಗೈ ಮೂರು ಸಲ ಬಡಿದಿತ್ತು. ಒಂದು ವಾರದಲ್ಲಿ ಮುನ್ನೂರ ಎಪ್ಪತ್ತು ಸಲ. ನಾವು ಸಪ್ಪಳವನ್ನು ಹಾಕಿ ಕೇಳಿದೆವು. ಲಾಳಿ ಓಡುವ ಸದ್ದು ಮೊದಮೊದಲು ಒಂದೇ ಥರ ಕೇಳಿಸಿತು. ಹತ್ತು ಸಲ, ಇಪ್ಪತ್ತು ಸಲ ಕೇಳಿದ ಮೇಲೆ ನನ್ನಂಥವಳಿಗೂ ಗೊತ್ತಾಗತೊಡಗಿತು. ಕಂಡಿಕೆಯಲ್ಲಿ ನೂಲು ಕಡಿಮೆಯಾದಂತೆ ಲಾಳಿ ಹಗುರಾಗುತ್ತದೆ, ಸದ್ದು ಒಣಗುತ್ತದೆ. ಆ ಒಣ ಸದ್ದು ಕೇಳಿದ ಕೂಡಲೇ ಮಂಚದ ಕಬ್ಬಿಣದ ಮೇಲೆ ಟಕ್, ಟಕ್, ಟಕ್.

ಎದೆಬಡಿತದ ಗೆರೆ ಇನ್ನೊಂದನ್ನು ಹೇಳಿತು. ನೂಲು ಮುಗಿಯುತ್ತ ಬಂದಂತೆ ಅದು ಏರುತ್ತಿತ್ತು. ಹೊಸ ಕಂಡಿಕೆ ಕೂತು ಮಗ್ಗ ಮತ್ತೆ ನಡೆದ ಕೂಡಲೇ ಇಳಿಯುತ್ತಿತ್ತು. ಅರ್ಧ ನಿಮಿಷ, ಮುಕ್ಕಾಲು ನಿಮಿಷ, ಅದು ಆಮೇಲಿನ ನಲವತ್ತೊಂದು ದಿನಗಳಲ್ಲಿ ಒಮ್ಮೆಯೂ ಬಾರದಂಥ ನಿರಾಳದ ಗೆರೆಯಾಗಿತ್ತು. ನಮ್ಮ ಪರದೆ ಗಂಟೆಗೊಂದು ಸರಾಸರಿ ತೆಗೆಯುತ್ತದೆ. ಸರಾಸರಿಯಲ್ಲಿ ಆ ಮುಕ್ಕಾಲು ನಿಮಿಷ ಕರಗಿಹೋಗಿತ್ತು. ದೊಡ್ಡ ಊರುಗಳಲ್ಲಿ ಮೆತ್ತನೆಯ ಹಾಸಿಗೆಯ ಮೇಲೆ ಮಲಗಿದ ಸಾವಿರಾರು ಜನರನ್ನು ನೋಡಿ ನೆಮ್ಮದಿಯೆಂದರೇನು ಎಂದು ಕಲಿತ ಯಂತ್ರ ಅದು. ಅವರಲ್ಲಿ ಒಬ್ಬರೂ ನೂಲು ಮುಗಿಯುವುದನ್ನು ಕಾಯುತ್ತ ಮಲಗಿದವರಿರಲಿಲ್ಲ.

ದಾನಮ್ಮ ಕೆಲಸದಲ್ಲಿದ್ದರು. ಅರ್ಧ ಮೈ, ಮಾತು ಎಲ್ಲ ಹೋದ ಮೇಲೂ ಅವರ ಪಾಲಿಗೆ ಒಂದು ಕೆಲಸ ಉಳಿದಿತ್ತು. ಅದಕ್ಕೆ ನಾನು ಶಬ್ದ ಎಂದು ಬರೆದೆ, ಆ ಕೈಗೆ ಗುಳಿಗೆ ಕೊಟ್ಟೆ. ಆಮೇಲೆ ಬಂದ ತೊಂಬತ್ತನಾಲ್ಕು ಏನೆಂದು ಈಗ ಹೇಳಬಲ್ಲೆ. ಏನನ್ನೂ ಕಾಯದವರ ಎದೆಯೂ ಒಂದೇ ಸಮನಾಗಿ ಬಡಿಯುತ್ತದೆ.

ಜಹಾಂಗೀರ ನೀರು ತಂದುಕೊಟ್ಟ. ಮುರಿಗೆಪ್ಪನವರಿಗೆ ಹೇಳುತ್ತೀರಾ ಎಂದು ಕೇಳಿದ. ನನಗೂ ಅದೇ ಚಿಂತೆ. ಹೇಳಿದರೆ, ಹೆಂಡತಿಯ ಕೊನೆಯ ಮಾತನ್ನು ತಾವೇ ನಿಲ್ಲಿಸಿದಿರಿ ಎಂದು ಹೇಳಿದಂತೆ. ಆ ಮನುಷ್ಯ ಅದನ್ನು ಹೊತ್ತುಕೊಂಡು ಉಳಿದ ಆಯುಷ್ಯ ಹೇಗೆ ಕಳೆಯಬೇಕು? ಹೇಳದಿದ್ದರೆ, ದಾನಮ್ಮ ಬಡಿದದ್ದು ಏನೆಂದು ತಿಳಿದವರು ಈ ಕೋಣೆಯ ನಾವಿಬ್ಬರೇ. ಅದೂ ಅನ್ಯಾಯವೇ. ಹೇಗೂ ಹಾಸನ್ನು ವಾಪಸು ತರಲು ಹೋಗಲೇಬೇಕಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುತ್ತೇನೆ, ಹೇಳುವುದಿಲ್ಲ ಎಂದು ನನ್ನೊಳಗೇ ಜಗಳ ನಡೆಯಿತು.

ಆವತ್ತಿಗೆ ದಾನಮ್ಮ ಹೋಗಿ ಹದಿನಾರು ದಿನ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮಗ್ಗದ ಮೇಲೆ ಬಿದ್ದಿತ್ತು. ಮುರಿಗೆಪ್ಪ ಪಂಚೆ ತೆಗೆದು, ಅರ್ಧ ನೇಯ್ದ ಖಣದ ಧೂಳು ಕೊಡವುತ್ತಿದ್ದರು. ಮಗ್ಗಕ್ಕೆ ಏರಿಸಿದ ನೂಲನ್ನು ನೇಯ್ದು ಇಳಿಸಬೇಕು, ಹೀಗೆ ಬಿಡಬಾರದು ಎಂದರು. ನನಗೆ ಕೂರಲು ಮಂಚ ತೋರಿಸಿದರು. ನಮ್ಮ ಹಾಸು ಅದರ ಮೇಲೆ ಹಾಗೇ ಇತ್ತು, ಅವರು ಮಡಚಿರಲಿಲ್ಲ. ನಾನು ಅದರ ಅಂಚಿನಲ್ಲಿ ಕೂತೆ.

ಹೇಗೆ ಶುರುಮಾಡಿದೆನೋ ನೆನಪಿಲ್ಲ. ಎಡಗೈ, ಮೂರು ಸಲ, ಲಾಳಿಯ ಸದ್ದು ಎಂದು ತಡವರಿಸುತ್ತ ಹೇಳಿ ಮುಗಿಸಿದೆ. ತಪ್ಪು ನನ್ನದು, ನಿಮ್ಮದಲ್ಲ ಎಂದೂ ಹೇಳಿದೆ. ಅವರು ಧೂಳು ಕೊಡವುವುದನ್ನು ನಿಲ್ಲಿಸಲಿಲ್ಲ.

“ನನಗ ಗೊತ್ತಿತ್ರಿ ಅಕ್ಕಾರ,” ಎಂದರು.

ಅವರೇ ನಿಧಾನವಾಗಿ ಹೇಳಿದರು. ದಾನಮ್ಮ ಮದುವೆಯಾಗಿ ಬಂದಾಗ ಈ ಕೋಣೆಯಲ್ಲಿ ಮಾವ ಇನ್ನೊಂದು ಮಗ್ಗದ ಮೇಲೆ ಕೂತಿರುತ್ತಿದ್ದರಂತೆ. ಹಿರಿಯರ ಎದುರು ಸೊಸೆ ಗಂಡನನ್ನು ಮಾತಾಡಿಸುವಂತಿರಲಿಲ್ಲ, ಹೆಸರು ಹಿಡಿಯುವುದಂತೂ ದೂರ. ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದ ಹುಡುಗಿ, ಗಂಡನ ಲಾಳಿ ಹಗುರಾದದ್ದು ಕೇಳಿ ರಾಟೆಯ ಕಂಬಕ್ಕೆ ಮೂರು ಸಲ ಬಡಿದಳು. ಗಂಡ ತಿರುಗಿ ನೋಡದೆ ಕೈ ಹಿಂದೆ ಚಾಚಿದ. ಅವಳು ಅಂಗೈಯಲ್ಲಿ ಹೊಸ ಕಂಡಿಕೆ ಇಟ್ಟಳು. ಮಾವ ಸತ್ತು ಹನ್ನೆರಡು ವರ್ಷವಾದರೂ ಆ ರೂಢಿ ಬಿಟ್ಟಿರಲಿಲ್ಲ. ಮೂವತ್ತೊಂದು ವರ್ಷ, ದಿನಕ್ಕೆ ಐವತ್ತು ಸಲ.

ಹಾಗಿದ್ದರೆ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ.

“ಮೂವತ್ತೊಂದ್ ವರ್ಸ ದುಡದಾಳ್ರಿ. ಬಾಣಂತಿ ಇದ್ದಾಗೂ ಸುತ್ಯಾಳ, ಜ್ವರಾ ಬಂದಾಗೂ ಸುತ್ಯಾಳ. ಅರ್ಧಾ ಮೈ ಸತ್ತ ಮ್ಯಾಲೂ ಆಕಿ ದುಡೀಬೇಕೇನು ಅನಿಸ್ತು ನನಗ. ನೀವ್ ಬಂದು ಮಗ್ಗಾ ನಿಂದರಸ್ರಿ ಅಂದಾಗ ಛಲೋ ಆತು ಅಂದೆ. ಇನ್ನರ ಸುಮ್ನ ಮಲಗಲಿ ಅಂತ.”

ಅವರು ಕೊನೆಯ ಧೂಳನ್ನು ಕೊಡವಿ ಪಂಚೆ ಮಡಚಿದರು.

“ಮೊದಲ್ನೇ ದಿನ ಮಗ್ಗಾ ಇಲ್ದನs ಬಡದಳ್ರಿ. ಮೂರು ಸಲ. ನಾ ಬಾಜೂಕ ಕುಂತು, ಇನ್ನ ಸಾಕವ್ವ ದಾನವ್ವ, ನೀ ಆರಾಮ ತಗೋ ಅಂದೆ. ಕೈ ಹಿಡದು ಕೌದಿಯೊಳಗ ಇಟ್ಟೆ. ನಾನs ಇಟ್ಟೆ. ಆಕಿ ನನ್ನ ಮಾರಿ ನೋಡಿದ್ಲು. ಆಮ್ಯಾಲೆ ಆ ಕಡೆ ಹೊಳ್ಳಿದಾಕಿ, ಈ ಕಡೆ ಹೊಳ್ಳಲಿಲ್ಲ.”

ನಾನು ಅತ್ತೆ. ಅವರು ಅಳಲಿಲ್ಲ. ಮೂಲೆಯ ಬುಟ್ಟಿಯಿಂದ ಒಂದು ಕಂಡಿಕೆ ತೆಗೆದರು. ಕುಂಕುಮ ಬಣ್ಣದ ರೇಷ್ಮೆ, ಬಿಗಿಯಾಗಿ ಸುತ್ತಿದ್ದು. ದಾನಮ್ಮ ಬೀಳುವ ಮುಂಚೆ ಸುತ್ತಿಟ್ಟ ಕೊನೆಯ ಕಂಡಿಕೆ, ಆಮೇಲಿನವೆಲ್ಲ ತಾವು ಸುತ್ತಿದವು, ಅವು ಹೀಗೆ ಕೂರುವುದಿಲ್ಲ ಎಂದರು. ಇದನ್ನು ಬೇಕೆಂದೇ ಎತ್ತಿಟ್ಟಿದ್ದರಂತೆ. ಲಾಳಿಗೆ ಅದನ್ನು ಹಾಕಿ, ಕುಣಿಯಲ್ಲಿ ಕಾಲಿಳಿಬಿಟ್ಟು, ನನಗೆ ಬೆನ್ನು ಮಾಡಿ ಕೂತರು.

ಮಗ್ಗ ನಡೆಯಿತು. ಮಂಚದ ಕಾಲುಗಳ ಮೂಲಕ ಆ ಬಡಿತ ನನ್ನ ಮೈಗೆ ಬರುತ್ತಿತ್ತು. ದಾನಮ್ಮನಿಗೂ ಹೀಗೇ ಬಂದಿರಬೇಕು. ಒಂದು ನಿಮಿಷ, ಎರಡು, ನಾಲ್ಕು. ಖಣ ಬೆರಳಗಲ ಬೆಳೆಯಿತು. ಮುರಿಗೆಪ್ಪ ಒಮ್ಮೆಯೂ ತಲೆಯೆತ್ತಲಿಲ್ಲ. ಆರು ನಿಮಿಷವಾಗಿರಬೇಕು, ಲಾಳಿಯ ಸದ್ದು ಒಣಗಿತು. ಕೇಂದ್ರದ ಕೋಣೆಯಲ್ಲಿ ನೂರಾರು ಸಲ ಕೇಳಿದ ಕಿವಿಗಳು ನನ್ನವು, ತಪ್ಪಲಿಲ್ಲ. ದಾನಮ್ಮ ಸುತ್ತಿದ ನೂಲು ಮುಗಿಯುತ್ತ ಬಂದಿತ್ತು. ಬಡಿಯಬಾರದು, ಅದು ನನ್ನ ಜಾಗವಲ್ಲ ಎಂದುಕೊಂಡೆ. ಸದ್ದು ಇನ್ನೂ ಒಣಗಿತು. ಎದೆ ಹೊಡೆದುಕೊಳ್ಳತೊಡಗಿತು. ನನ್ನ ಎಡಗೈ ಮಂಚದ ಕಬ್ಬಿಣದ ಮೇಲೆ ಹೋಗಿ ಮೂರು ಸಲ ಬಡಿಯಿತು.

ಮಗ್ಗ ನಿಂತಿತು. ಮುರಿಗೆಪ್ಪ ತಿರುಗಿ ನೋಡಲಿಲ್ಲ. ಅವರ ಬಲಗೈ ಹಿಂದಕ್ಕೆ, ಮಂಚದ ಕಡೆಗೆ ಚಾಚಿಕೊಂಡು, ಅಂಗೈ ತೆರೆದುಕೊಂಡು ನಿಂತಿತು.

ಅದರಲ್ಲಿ ಇಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಎಷ್ಟು ಹೊತ್ತು ಹಾಗಿದ್ದೆವೋ. ಆಮೇಲೆ ಅವರ ಬೆನ್ನು ಅಲುಗತೊಡಗಿತು, ಸದ್ದಿಲ್ಲದೆ ಅತ್ತರು. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನ ಚೀಲದೊಳಗೆ ಫೋನು ಗುಂಯ್‌ಗುಟ್ಟಿತು. ಹಾಸನ್ನು ಇನ್ನೂ ಯಾರೂ ಬಂದ್ ಮಾಡಿರಲಿಲ್ಲ, ಅದರ ಪಾಲಿಗೆ ಮಂಚದ ಮೇಲಿದ್ದವರು ದಾನಮ್ಮನೇ. ಪರದೆಯ ಮೇಲೆ ಬರೆದಿತ್ತು: ದಾನಮ್ಮ, ನೆಮ್ಮದಿ ಅಂಕ ಐವತ್ತೇಳು, ಎದೆಬಡಿತ ಹೆಚ್ಚು, ಎಡಗೈ ನಡುಕ ಮೂರು ಸಲ, ಕಾರಣ ಆರಿಸಿ. ನೋವು, ಭಯ, ಶಬ್ದ, ಬೆಳಕು, ಹಸಿವು, ಇತರೆ.

ನಾನು ಇತರೆ ಒತ್ತಿದೆ. ಖಾಲಿ ಜಾಗ ತೆರೆದುಕೊಂಡಿತು. ಅದರಲ್ಲಿ ಬರೆದೆ. ಅಕ್ಷರ ಒತ್ತುವ ಸದ್ದು ಕೇಳಿ, ಏನು ಬರೆಯುತ್ತೀರಿ ಎಂದು ಮುರಿಗೆಪ್ಪ ಬೆನ್ನು ತಿರುಗಿಸಿಯೇ ಕೇಳಿದರು. ಓದಿ ಹೇಳಿದೆ: “ನೂಲು ಮುಗಿಯುತ್ತಿದೆ ಎಂದು ಗಂಡನಿಗೆ ಹೇಳುತ್ತಿದ್ದಾರೆ.”

ಅವರು ಖಾಲಿ ಲಾಳಿಯನ್ನು ಖಣದ ಮೇಲೆ ಇಟ್ಟರು.

“ಹೌದ್ರಿ,” ಎಂದರು. “ಹಂಗs ಬರೀರಿ.”